ಅಟ್ಟದ ಕೆಳಗಿನ ಸಂಜೆ ಪಾಠ

ಸಣ್ಣತಿಮ್ಮಯ್ಯನವರನ್ನು ಎದುರಿಗೆ ನಾನು ಯಾವತ್ತೂ ಏಕವಚನದಲ್ಲೇ ಮಾತಾಡಿಸಿದ್ದು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ಈಗ ಬರೆಯಲು ಕೂತರೆ ಬಹುವಚನ ತಾನಾಗಿ ಬರುತ್ತಿದೆ. ನಾಚಿಕೆ ಇಷ್ಟು ತಡವಾಗಿ ಬಂದರೆ ಯಾರಿಗೆ ಉಪಯೋಗ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ನನ್ನ ಹೆಸರು ಗಿರಿಜಾಂಬಿಕಾ. ದೊಡ್ಡಬಾವಿಪಾಳ್ಯದ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ, ಆರು ವರ್ಷದಿಂದ ಹೆಡ್‌ಮಿಸ್ಸು. ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಎರಡು ಮೈಲಿ ನಡೆದರೆ ನಮ್ಮ ಶಾಲೆ. ಊರಿನ ಟ್ರಸ್ಟಿನದು, ಫೀಸು ಕಟ್ಟಬೇಕು. ಕಟ್ಟಲಾಗದವರ ಮಕ್ಕಳು ಏಳನೇ ಕ್ಲಾಸು ಮುಗಿಸಿ ಕೊಬ್ಬರಿ ಶೆಡ್ಡಿಗೆ ಹೋಗಿ ಚಿಪ್ಪು ಬಿಡಿಸುತ್ತಿದ್ದರು. ಅದನ್ನು ನೋಡಿ ನೋಡಿ ನನಗೆ ರೇಗಿಹೋಗಿತ್ತು.

ನಮ್ಮ ಸೀಮೆಯಲ್ಲಿ ತೋಟದ ಒಂದು ಮರವನ್ನು ದೇವರಿಗೆ ಬಿಡುವುದುಂಟು. ಆ ಮರದ ಕಾಯಿಗೆ ಮನೆಯವರು ಕೈ ಹಾಕುವುದಿಲ್ಲ. ದೇವರಿಗೆ ಬಿಟ್ಟ ಹಾಗೆ ಸ್ಕೂಲಿಗೂ ಒಂದೊಂದು ಮರ ಬಿಡಿ, ಅದರ ಕೊಬ್ಬರಿಯಿಂದ ಬಡ ಮಕ್ಕಳ ಫೀಸು ಕಟ್ಟೋಣ ಎಂದು ಹನ್ನೊಂದು ವರ್ಷದ ಹಿಂದೆ ಮನೆಮನೆ ತಿರುಗಿ ಕೇಳಿದವಳು ನಾನೇ. ಮೊದಲ ವರ್ಷ ಒಂಬತ್ತು ಮರ ಸಿಕ್ಕವು. ಆಮೇಲೆ ಎಪ್ಪತ್ತಾದವು. ಬುಡಕ್ಕೆ ಸುಣ್ಣದ ಪಟ್ಟೆ ಬಳಿದು ‘ಓದಿನ ಮರ’ ಎಂದು ಕರೆದೆವು. ಅದರಿಂದ ಓದುವವರಿಗೆ ಊರವರು ‘ಮರದ ಮಕ್ಕಳು’ ಎಂದು ಹೆಸರಿಟ್ಟರು. ನನಗೆ ಆ ಹೆಸರು ಕೇಳಿದರೆ ಹೆಮ್ಮೆಯಾಗುತ್ತಿತ್ತು. ಆ ಮಕ್ಕಳಿಗೆ ಏನನ್ನಿಸುತ್ತಿತ್ತೋ, ಕೇಳಿರಲಿಲ್ಲ.

ಸಣ್ಣತಿಮ್ಮಯ್ಯ ಕಾಯಿ ಸುಲಿಯುವವರು. ನೆಲದಲ್ಲಿ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ, ಮೂರು ತಿರುವಿಗೆ ಸಿಪ್ಪೆ ಕಳಚಿ ಹಾಕುವ ಕೆಲಸ. ಮೂರನೇ ಕ್ಲಾಸಿಗೆ ಓದು ಬಿಟ್ಟು, ಹನ್ನೊಂದನೇ ವಯಸ್ಸಿಗೆ ಗೂಟದ ಮುಂದೆ ನಿಂತವರು ಅರವತ್ತು ದಾಟಿದರೂ ನಿಂತೇ ಇದ್ದರು. ಪ್ರಾಯದಲ್ಲಿ ದಿನಕ್ಕೆ ಎರಡು ಸಾವಿರ ಕಾಯಿ ಸುಲಿಯುತ್ತಿದ್ದರಂತೆ. ಆದರೆ ಅವರ ಹೆಸರು ಓಡಾಡಿದ್ದು ಕೈಯಿಂದಲ್ಲ, ಕಿವಿಯಿಂದ. ಒಂದು ಕಾಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ನೀರು ಎಷ್ಟು ಉಳಿದಿದೆ, ತಿರುಳು ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಇನ್ನೆಷ್ಟು ವಾರ ಬೇಕು ಎಲ್ಲ ಹೇಳುತ್ತಿದ್ದರು. ತಿಪಟೂರಿನ ಮಂಡಿಯವರು ಹೇಳಿ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಕಾಲೋನಿಯ ಅವರ ಮನೆಯ ಹಿತ್ತಲಿನಲ್ಲಿ ಇದ್ದದ್ದು ಒಂದೇ ತೆಂಗಿನ ಮರ. ಅದಕ್ಕೂ ಸುಣ್ಣದ ಪಟ್ಟೆ ಬಳಿದುಕೊಂಡು ಬಂದು, “ನಂದೂ ಒಂದು ಬರ್ಕಳಿ ಮೇಡಮ್ಮಾರೇ” ಎಂದರು. ಇರುವುದೇ ಒಂದು, ಅದನ್ನೂ ಕೊಟ್ಟರೆ ಸಾರಿಗೆ ಕಾಯಿ ಎಲ್ಲಿಂದ ತರುತ್ತೀಯ ಎಂದು ಬೈದೆ. “ಸಾರು ಕಾಯಿಲ್ದೆನೂ ಆಯ್ತದೆ ಬುಡಿ” ಎಂದರು. ಅವತ್ತಿನಿಂದ ಓದಿನ ಮರಗಳ ಕಾಯೆಲ್ಲ ಅವರ ವಶ. ಕೆಡವಿಸುವುದು, ಗಾಡಿಯಲ್ಲಿ ತರುವುದು, ಅಟ್ಟಕ್ಕೆ ಹಾಕುವುದು, ತಿಂಗಳಿಗೊಮ್ಮೆ ಹತ್ತಿ ನೋಡುವುದು, ಎಲ್ಲ ಅವರೇ. ಬಿದ್ದ ಒಂದು ಕಾಯನ್ನೂ ಮನೆಗೆ ಒಯ್ದವರಲ್ಲ. ಮಗಳು ತೀರಿಕೊಂಡ ಮೇಲೆ ಎರಡು ವರ್ಷದ ಮೊಮ್ಮಗಳನ್ನು ತಂದು ಸಾಕಿದ್ದರು. ಆ ಹುಡುಗಿ ಧನ್ಯಶ್ರೀ. ಅವಳೂ ಮರದ ಮಗುವೇ. ಹೋದ ವರ್ಷ ಹತ್ತನೇ ಕ್ಲಾಸಿಗೆ ಬಂದಳು. ಗಣಿತದಲ್ಲಿ ನನ್ನನ್ನೇ ತಿದ್ದುವಷ್ಟು ಚುರುಕು. ಅವರ ವಂಶದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಮೊದಲನೆಯವಳು ಅವಳಾಗಬೇಕಿತ್ತು.

ಇನ್ನು ಅಟ್ಟದ ವಿಷಯ. ಕೊಬ್ಬರಿಯಾಗಬೇಕಾದರೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡಬೇಕು. ಅವಸರ ಮಾಡಿದರೆ ಕೆಟ್ಟಿತು. ನಮ್ಮ ಶಾಲೆಯ ಹಿಂದುಗಡೆ ಹಳೆಯ ಕೊಬ್ಬರಿ ಮನೆಯೊಂದಿತ್ತು. ಟ್ರಸ್ಟಿನ ಸೆಕ್ರೆಟರಿ ತೋಂಟದಾರ್ಯನವರ ತಾತ ದಾನ ಕೊಟ್ಟದ್ದು. ಮಣ್ಣಿನ ಗೋಡೆ, ಹೆಂಚಿನ ಮಾಡು, ಹಲಸಿನ ತೊಲೆಗಳ ಮೇಲೆ ಅಟ್ಟ. ಶಾಲೆ ಶುರುವಾದದ್ದೇ ಅದರಲ್ಲಿ. ಆಮೇಲೆ ಮುಂದೆ ಆರ್‌ಸಿಸಿ ಕಟ್ಟಡ ಎದ್ದಿತು, ತರಗತಿಗಳೆಲ್ಲ ಅಲ್ಲಿಗೆ ಹೋದವು. ಹಳೆಯ ಮನೆಯ ಅಟ್ಟಕ್ಕೆ ಓದಿನ ಮರದ ಕಾಯಿ ಹಾಕಿದೆವು. ಕೆಳಗಿನ ಕೋಣೆ ಖಾಲಿ ಇತ್ತಲ್ಲ, ಅಲ್ಲಿ ಮರದ ಮಕ್ಕಳಿಗೆ ಸಂಜೆ ಪಾಠ ಇಟ್ಟೆ. ನಾಲ್ಕೂವರೆಯಿಂದ ಆರರವರೆಗೆ. ಮುಂದಿನ ಕಟ್ಟಡದಲ್ಲೇ ಯಾಕೆ ಇಡಲಿಲ್ಲ ಎಂದರೆ, ನಾಲ್ಕೂವರೆಗೆ ಅದಕ್ಕೆ ಬೀಗ ಹಾಕುವುದು ಪದ್ಧತಿ. ಬೆಂಚು ಹಾಳಾಗುತ್ತವೆ, ಕರೆಂಟು ಖರ್ಚಾಗುತ್ತದೆ ಎಂದು ಕಾರಣ. ಸಂಜೆ ಪಾಠ ಮೂರು ದಿನ ತಪ್ಪಿಸಿದರೆ ಹೆಸರು ಹೊಡೆಯುವುದೆಂಬ ನಿಯಮ ಬೇರೆ ಮಾಡಿದ್ದೆ. ಶಿಸ್ತು ನನಗೆ ಉಸಿರಿದ್ದ ಹಾಗೆ.

ಹೋದ ವರ್ಷ ಕೊಬ್ಬರಿ ಬೆಲೆ ಏರತೊಡಗಿತು. ಏರಿತು ಎಂದರೆ ಸಾಲದು, ನಮ್ಮ ಅಪ್ಪಂದಿರು ಕನಸಿನಲ್ಲೂ ಕಾಣದಷ್ಟು ಏರಿತು. ಹರಾಜಿನ ದಿನ ತಿಪಟೂರಿನಿಂದ ಬಂದವರು ಚಹಾದಂಗಡಿಯಲ್ಲಿ ರೇಟು ಹೇಳುವಾಗ ಕೇಳುವವರ ಕೈಯಲ್ಲಿದ್ದ ಲೋಟ ಹಾಗೇ ನಿಲ್ಲುತ್ತಿತ್ತು. ಜೂನ್ ಹೊತ್ತಿಗೆ ನಮ್ಮ ಅಟ್ಟದ ಕಾಯೆಲ್ಲ ಕೊಬ್ಬರಿಯಾಗಿತ್ತು. ಇಳಿಸಿ ಮಾರಬೇಕಿತ್ತು. ತೋಂಟದಾರ್ಯನವರು ಬೇಡವೆಂದರು.

“ಇನ್ನೂ ಏರ್ತದೆ ಕಣ್ರೀ ಮೇಡಂ. ಈಗ ಮಾರಿದ್ರೆ ಇಪ್ಪತ್ತು ಮಕ್ಳು ಓದ್ತಾರೆ, ದೀಪಾವಳಿಗೆ ಮಾರಿದ್ರೆ ನಲವತ್ತು ಜನ ಓದ್ತಾರೆ. ಈ ವರ್ಷದ ಫೀಸಿಗೆ ನಾನೇ ಕೈಯಿಂದ ಹಾಕಿರ್ತೀನಿ.”

ಅವರು ಕೆಟ್ಟವರಲ್ಲ. ಈ ಮಾತು ಬರೆಯುವಾಗ ನನಗೆ ಯಾರನ್ನೂ ತಪ್ಪಿನಿಂದ ಬಿಡಿಸುವ ಆಸೆಯೂ ಇಲ್ಲ. ಫೀಸನ್ನು ಹೇಳಿದ ಹಾಗೇ ಹಾಕಿದರು. ಬೆಲೆ ಏರುವಾಗ ಕೊಬ್ಬರಿ ಮಾರದೆ ಕೂರುವುದು ನಮ್ಮ ಸೀಮೆಯ ಜನಕ್ಕೆ ರಕ್ತದಲ್ಲೇ ಬಂದದ್ದು. ನನ್ನ ಮೇಜಿನ ಮೇಲೆ ಹೊಸ ಅರ್ಜಿಗಳು ಬಿದ್ದಿದ್ದವು. ನಲವತ್ತು ಎಂಬ ಸಂಖ್ಯೆ ನನ್ನ ತಲೆ ಕೆಡಿಸಿತು. ಹಾಗೇ ಆಗಲಿ ಎಂದು ಸಹಿ ಹಾಕಿದೆ. ಆ ವರ್ಷದ ಹೊಸ ಕಾಯಿ ಬಂದವು. ಇಡಲು ಬೇರೆ ಜಾಗವಿರಲಿಲ್ಲ. ಹಳೆಯ ಕಾಯಿಯ ಮೇಲೇ ಸುರಿಸಿದೆವು.

ಮೊದಲು ಬಾಗಿಲು ಹೇಳಿತು. ವರ್ಷಾನುಗಟ್ಟಲೆ ಒಂದು ಬೆರಳಿಗೆ ಮುಚ್ಚುತ್ತಿದ್ದ ಬಾಗಿಲು ಜುಲೈನಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಮಳೆಗೆ ಮರ ಊದಿದೆ ಎಂದುಕೊಂಡು ಬಡಗಿಯನ್ನು ಕರೆಸಿ ಒಂದಿಷ್ಟು ಹೆರೆಸಿದೆ. ಹದಿನೈದು ದಿನಕ್ಕೆ ಮತ್ತೆ ಸಿಕ್ಕಿಕೊಂಡಿತು. ಮತ್ತೆ ಹೆರೆಸಿದೆ. ಚೌಕಟ್ಟು ಕೆಳಗಿಳಿಯುತ್ತಿದೆ ಎಂದು ತಿಳಿಯಲು ದೊಡ್ಡ ಓದೇನೂ ಬೇಕಿರಲಿಲ್ಲ.

ಸಣ್ಣತಿಮ್ಮಯ್ಯ ಆಗ ಮೊದಲ ಸಲ ನನ್ನ ಹತ್ತಿರ ಬಂದರು. ಆಫೀಸಿನ ಬಾಗಿಲಾಚೆ ನಿಂತು, “ಮೇಡಮ್ಮಾರೇ, ಅಟ್ಟ ಯಾಕೋ ಮಾತಾಡ್ತೈತೆ” ಎಂದರು.

“ಏನನ್ನುತ್ತೆ?” ಎಂದು ನಕ್ಕೆ.

“ತೊಲೆಗೆ ಕಿವಿ ಕೊಟ್ಟು ಕೇಳ್ದೆ. ಸಂಜೆ ಬಿಸ್ಲು ಇಳಿಯೋ ಹೊತ್ನಾಗೆ ಒಳ್ಗೆ ಚುರ್ ಅಂತೈತೆ. ಹಳೇ ಕಾಯಾದ್ರೂ ಇಳಿಸ್ಬುಡಾನ.”

ಸೆಕ್ರೆಟರಿಗೆ ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ತೋಂಟದಾರ್ಯನವರು ಬಂದು, ಕೆಳಗಿನಿಂದ ತೊಲೆಗಳನ್ನು ನೋಡಿ, ಕೋಲಿನಿಂದ ಎರಡು ಸಲ ಕುಟ್ಟಿದರು. “ಹಲಸಿನ ತೊಲೆ ಕಣ್ಲಾ ಸಣ್ಣತಿಮ್ಮ. ನಮ್ ತಾತನ ಕಾಲದ್ದು. ನಾನೂ ನೀನೂ ಹೋದ್ರೂ ಇದು ಹೋಗಲ್ಲ” ಎಂದು ಅವರ ಬೆನ್ನು ತಟ್ಟಿ ಹೋದರು. ತೊಲೆ ನಿಜವಾಗಿಯೂ ಗಟ್ಟಿಯಾಗೇ ಇತ್ತು. ಅದು ಕೂತಿದ್ದ ಮಣ್ಣಿನ ಗೋಡೆಯನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಸಣ್ಣತಿಮ್ಮಯ್ಯ ನೋಡಿದ್ದರು. ಹಿಂಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ಅದಕ್ಕೆ ಅಡ್ಡಲಾಗಿ ಸುಣ್ಣ ಬಳಿದರು. ಬಿರುಕು ಬೆಳೆದರೆ ಸುಣ್ಣ ಸೀಳಬೇಕು. ಎಂಟು ದಿನಕ್ಕೆ ಸೀಳಿತು. ಮತ್ತೆ ಬಳಿದರು. ಐದು ದಿನಕ್ಕೆ ಸೀಳಿತು. ಎರಡನೇ ಸಲ ಬಂದು ಅದನ್ನು ಹೇಳಿದಾಗ ನಾನು ಅರ್ಧವಾರ್ಷಿಕ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ತಲೆಯೆತ್ತದೆ, “ದೀಪಾವಳಿಗೆ ಇಳಿಸುತ್ತಾರೆ ಕಣಪ್ಪ, ಇನ್ನೇನು ಬಂತು” ಎಂದೆ. ಅವರು ಹೊರಟುಹೋದರು.

ಸಂಜೆ ಪಾಠದಲ್ಲಿ ಮಕ್ಕಳ ಪುಸ್ತಕದ ಮೇಲೆ ಮಣ್ಣು ಉದುರುತ್ತಿತ್ತು. ಹಿಟ್ಟಿನ ಹಾಗೆ ನಯವಾದ ಕೆಂಪು ಮಣ್ಣು. ಅವರು ಊದಿಕೊಂಡು ಬರೆಯುತ್ತಿದ್ದರು. ಯಾರೂ ದೂರು ಹೇಳಲಿಲ್ಲ. ಮುಂದಿನ ಕಟ್ಟಡದ ಮಕ್ಕಳಿಗೆ ಫ್ಯಾನು ಒಂದು ದಿನ ತಿರುಗದಿದ್ದರೆ ಅಪ್ಪಂದಿರು ಬೈಕು ಹತ್ತಿ ಬರುತ್ತಿದ್ದರು. ಇವರ ಮನೆಯಿಂದ ಒಬ್ಬರೂ ಬರಲಿಲ್ಲ. ಒಂದು ಸಂಜೆ ಧನ್ಯಶ್ರೀ ಬೋರ್ಡಿನ ಮೇಲೆ ಲೆಕ್ಕ ಮಾಡುತ್ತಾ ತಟ್ಟನೆ ನಿಂತು ಮೇಲೆ ನೋಡಿದಳು. ಉಳಿದವರೂ ನೋಡಿದರು. ಮೇಲೆ ಏನೋ ಚುರ್ ಎಂದಿತ್ತು. “ಉತ್ತರ ಅಟ್ಟದಲ್ಲಿ ಬರೆದಿದೆಯೇನೇ?” ಎಂದು ಗದರಿದೆ. ಮಕ್ಕಳು ನಗಲಿಲ್ಲ. ನನಗೂ ಅವತ್ತು ಒಳಗೆಲ್ಲೋ ಚಳಿ ಹುಟ್ಟಿತ್ತು. ಸುಳ್ಳೇಕೆ ಹೇಳಲಿ, ಅದನ್ನು ಒತ್ತಿಹಾಕಿದೆ.

ಮಾರನೆಯ ದಿನದಿಂದ ಧನ್ಯಶ್ರೀ ಸಂಜೆ ಪಾಠಕ್ಕೆ ಬರಲಿಲ್ಲ. ಹಗಲಿನ ತರಗತಿಗೆ ಬಂದು, ನಾಲ್ಕೂಕಾಲಿಗೆ ಬ್ಯಾಗು ಹಾಕಿಕೊಂಡು ಹೊರಟುಬಿಡುವಳು. ಕೇಳಿದರೆ, “ತಾತ ಬ್ಯಾಡ ಅಂತು ಮಿಸ್” ಎಂದಳು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಸಣ್ಣತಿಮ್ಮಯ್ಯನವರನ್ನು ಕರೆಸಿದೆ.

“ಮೊಮ್ಮಗಳನ್ನು ಯಾಕಯ್ಯ ಬಿಡಿಸಿದೆ?”

“ಅಲ್ಲಿ ಕೂರೋದು ಬ್ಯಾಡ ಮೇಡಮ್ಮಾರೇ.”

“ನಿಯಮ ಗೊತ್ತಲ್ಲ? ನಿನ್ನ ಮೊಮ್ಮಗಳಿಗೊಂದು, ಊರವರ ಮಕ್ಕಳಿಗೊಂದು ಮಾಡೋಕಾಗುತ್ತಾ?”

“ಹೊಡೀರಿ ಹೆಸ್ರ” ಎಂದರು. “ಮಗಿ ಇದ್ರೆ ಇನ್ನೊಂದ್ ವರ್ಷ ಓದ್ತದೆ.”

ಇದು ಅವರು ಮೂರನೇ ಸಲ ಹೇಳಿದ್ದು. ಇದಕ್ಕಿಂತ ಬಿಡಿಸಿ ಹೇಳಲು ಯಾರಿಗೂ ಬರುವುದಿಲ್ಲ. ನನಗೆ ಕೇಳಿಸಿದ್ದು ಮಾತ್ರ ಸೊಕ್ಕು. ಹನ್ನೊಂದು ವರ್ಷ ಜೊತೆಗಿದ್ದವನು ನನ್ನ ಮರ್ಯಾದೆ ತೆಗೆದ ಎಂದುಕೊಂಡೆ. ಅವರ ಎದುರಿಗೇ ಪಟ್ಟಿ ತೆಗೆದು ಧನ್ಯಶ್ರೀಯ ಹೆಸರಿನ ಮೇಲೆ ಕೆಂಪು ಗೀಟು ಎಳೆದೆ. ಪರೀಕ್ಷೆಯ ಫೀಸು ಟ್ರಸ್ಟಿನಿಂದ ಕಟ್ಟುವವರ ಪಟ್ಟಿಯೂ ಅದೇ. ಮಾರನೆಯ ದಿನದಿಂದ ಹುಡುಗಿ ಹಗಲಿಗೂ ಬರಲಿಲ್ಲ. ರಸ್ತೆಯ ಶೆಡ್ಡಿನಲ್ಲಿ ಚಿಪ್ಪು ಬಿಡಿಸಲು ಕೂತಿದ್ದಾಳೆ ಎಂದು ಯಾರೋ ಹೇಳಿದರು. ಕೂರಲಿ, ಬುದ್ಧಿ ಬರುತ್ತದೆ ಎಂದೆ. ಈ ಬಾಯಿಂದಲೇ ಅಂದದ್ದು.

ಆಮೇಲೆ ನಡೆದದ್ದು ನನ್ನನ್ನು ಇನ್ನೂ ಕೆರಳಿಸಿತು. ಮುಂದಿನ ವಾರ ಸಂಜೆ ಪಾಠಕ್ಕೆ ಇಬ್ಬರು ಬರಲಿಲ್ಲ. ಅದರ ಮಾರನೆಯ ದಿನ ಐವರು. ಒಬ್ಬಳಿಗೆ ಹೊಟ್ಟೆನೋವು, ಒಬ್ಬನಿಗೆ ನೆಂಟರ ಮನೆ, ಇನ್ನೊಬ್ಬನಿಗೆ ಮೇಕೆ ಹುಷಾರಿಲ್ಲ. ಕಾಯಿ ಕಾಯುವವನೇ ತನ್ನ ಮೊಮ್ಮಗಳನ್ನು ಅಟ್ಟದ ಕೆಳಗಿನಿಂದ ಎಬ್ಬಿಸಿಕೊಂಡು ಹೋದ ಎಂಬುದು ಕಾಲೋನಿಗೆ ಸಾಕಾಗಿತ್ತು. ಸಣ್ಣತಿಮ್ಮಯ್ಯ ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಕಂಡದ್ದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಗುರುವಾರ ನಾಲ್ಕೂವರೆಗೆ ನಾನು ಹಾಜರಿ ಪುಸ್ತಕ ಹಿಡಿದು ಸಂಜೆ ಪಾಠದ ಕೋಣೆಗೆ ಹೋದೆ. ಬಾಗಿಲನ್ನು ಭುಜ ಕೊಟ್ಟು ನೂಕಬೇಕಾಯಿತು. ಒಳಗೆ ಒಂದು ಪಿಳ್ಳೆಯೂ ಇಲ್ಲ. ಧನ್ಯಶ್ರೀಯ ಹೆಸರು ಹೊಡೆದ ಮೇಲೆ ಉಳಿದ ಹದಿನೆಂಟು ಮಕ್ಕಳಲ್ಲಿ ಒಬ್ಬರೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಖಾಲಿ ಬೆಂಚುಗಳ ಎದುರು ಕುರ್ಚಿ ಹಾಕಿಕೊಂಡು ಕೂತು, ಒಂದೊಂದೇ ಹೆಸರಿನ ಮುಂದೆ ಗೈರುಹಾಜರಿ ಹಾಕತೊಡಗಿದೆ. ಪುಟದ ಮೇಲೆ ಮಣ್ಣು ಬೀಳುತ್ತಿತ್ತು. ಊದಿದೆ. ಮತ್ತೆ ಬಿತ್ತು.

ಬಾಗಿಲಲ್ಲಿ ಸಣ್ಣತಿಮ್ಮಯ್ಯ ನಿಂತಿದ್ದರು. ತಲೆಯ ಮೇಲೆ ಗೊಬ್ಬರದ ಚೀಲದ ಗೊಪ್ಪೆ, ನೀರು ತೊಟ್ಟಿಕ್ಕುತ್ತಿತ್ತು.

“ಎದ್ದು ಈಚೆಗ್ ಬಾ” ಎಂದರು.

“ಏನಂದೆ?”

“ಈಚೆಗ್ ಬಾ ಅಂದೆ!”

ಹಾಜರಿ ಮುಗಿಸಿ ಬರುತ್ತೇನೆ ಎನ್ನುವಷ್ಟರಲ್ಲಿ ಅವರು ಒಳಗೆ ನುಗ್ಗಿದರು. ಇಷ್ಟು ವರ್ಷದಲ್ಲಿ ನನ್ನ ಆಫೀಸಿನ ಹೊಸ್ತಿಲು ದಾಟದ ಮನುಷ್ಯ ನನ್ನ ಮುಂಗೈ ಹಿಡಿದು, ಕುರ್ಚಿಯಿಂದ ಎಳೆದು, ಬಾಗಿಲಿನಾಚೆ ಕೆಸರಿಗೆ ದಬ್ಬಿದರು. ನಾನು ಬೈಯಲು ಬಾಯಿ ತೆರೆದೆ. ಆಗ ಹಿಂಗೋಡೆ ಹೊರಗೆ ಮಲಗಿತು. ದೊಡ್ಡ ಸದ್ದೇನೂ ಆಗಲಿಲ್ಲ, ನೆನೆದ ಮಣ್ಣು ಮೆತ್ತಗೆ ಕೂತ ಹಾಗೆ. ಅದರ ಹಿಂದೆಯೇ ತೊಲೆಗಳು ಬಂದವು, ಅಟ್ಟ ಬಂತು, ಹೆಂಚು ಬಂತು. ಸದ್ದು ಮಾಡಿದ್ದು ಕಾಯಿಗಳು. ಸಾವಿರಾರು ಕಾಯಿಗಳು ಒಂದರ ಮೇಲೊಂದು ಧುಮುಕಿ, ಒಡೆದ ಬಾಗಿಲಿನಿಂದ ನಮ್ಮ ಕಾಲ ಬುಡಕ್ಕೆ ಉರುಳಿ ಬಂದವು. ಎಷ್ಟೋ ಹೊತ್ತು ಬರುತ್ತಲೇ ಇದ್ದವು.

ಹನ್ನೊಂದು ಸಾವಿರ ಕಾಯಿ, ಒಂದೊಂದು ಸುಮಾರು ಒಂದು ಕಿಲೋ. ಗಣಿತದ ಟೀಚರು ನಾನು. ಆ ಗುಣಾಕಾರವನ್ನು ಕೆಸರಿನಲ್ಲಿ ಕೂತು ಮೊದಲ ಸಲ ಮಾಡಿದೆ.

ತೋಂಟದಾರ್ಯನವರು ಛತ್ರಿಯಿಲ್ಲದೆ ಓಡಿಬಂದರು. ಮುಖ ಸುಣ್ಣದಂತಾಗಿತ್ತು. “ಮಕ್ಳು? ಮೇಡಂ, ಮಕ್ಳೆಲ್ಲಿ?” ಎಂದು ಕೂಗಿದರು. ಯಾರೂ ಬಂದಿರಲಿಲ್ಲ ಎಂದೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತು ಉಸಿರು ಬಿಟ್ಟರು. ಆಮೇಲೆ ಕೇಳಿದರು, “ಯಾಕ್ ಬಂದಿರ್ಲಿಲ್ಲ?”

ನಾನು ಹಿಂದಿರುಗಿ ನೋಡಿದೆ. ಸಣ್ಣತಿಮ್ಮಯ್ಯ ಆಗಲೇ ಗೊಪ್ಪೆ ಎಳೆದುಕೊಂಡು ಕಾಲೋನಿಯ ಕಡೆಗೆ ಹೊರಟಿದ್ದರು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಟ್ಟುವ ದಿನ ಮುಗಿದಿತ್ತು. ದಂಡ ಕಟ್ಟಿ ಸೇರಿಸಲು ಇನ್ನು ನಾಲ್ಕೇ ದಿನವಿತ್ತು. ಮಾರನೆಯ ಬೆಳಿಗ್ಗೆ ಕಾಲೋನಿಗೆ ಹೋದೆ. ಹನ್ನೊಂದು ವರ್ಷದಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು. ಧನ್ಯಶ್ರೀ ಶೆಡ್ಡಿಗೆ ಹೊರಡಲು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅವಳ ಬೆರಳುಗಳಿಗೆ ಕುಯ್ದ ಗಾಯಗಳಾಗಿದ್ದವು. ನನ್ನನ್ನು ನೋಡಿ ಕೈ ಹಿಂದಕ್ಕೆ ಮಡಚಿಕೊಂಡಳು.

“ತಪ್ಪಾಯ್ತು” ಎಂದೆ ಸಣ್ಣತಿಮ್ಮಯ್ಯನವರಿಗೆ. “ಫೀಸು, ದಂಡ ಎಲ್ಲ ನಾನು ಕಟ್ಟುತ್ತೇನೆ. ಇವಳನ್ನು ಇವತ್ತೇ ಕಳಿಸಿಕೊಡಿ.”

ಅವರು ಮೊಮ್ಮಗಳ ಕಡೆ ನೋಡಿದರು. ಕಳಿಸುವುದಿಲ್ಲ ಎಂದುಬಿಡುತ್ತಾರೆ ಎಂದುಕೊಂಡೆ. ಹಾಗೆಂದಿದ್ದರೆ ನನ್ನ ಹತ್ತಿರ ಎದುರು ಮಾತೂ ಇರಲಿಲ್ಲ.

“ನಿಮ್ ದುಡ್ಡು ಬ್ಯಾಡ ಅನ್ನಲ್ಲ” ಎಂದರು ಕೊನೆಗೆ. “ಮಗೀನ ಯಾವ್ ರೂಮ್ನಾಗೆ ಕೂರುಸ್ತೀರ, ಅದ ಮೊದ್ಲು ತೋರ್ಸಿ.”

ಇಷ್ಟು ವರ್ಷದಲ್ಲಿ ಮರದ ಮಕ್ಕಳ ಮನೆಯವರು ಯಾರೂ ಏನನ್ನೂ ಕೇಳಿರಲಿಲ್ಲ. ಮೂವರೂ ನಡೆದು ಶಾಲೆಗೆ ಬಂದೆವು. ಮುಂದಿನ ಕಟ್ಟಡದ ಹತ್ತನೇ ಕ್ಲಾಸಿನ ಬೀಗ ನಾನೇ ತೆಗೆದೆ. ಸಣ್ಣತಿಮ್ಮಯ್ಯ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಾಲ್ಕು ಗೋಡೆಗೂ ಕೈಯಿಟ್ಟು ನೋಡಿದರು. ಮೂಲೆಗಳನ್ನು ನೋಡಿದರು. ತಲೆಯೆತ್ತಿ ಸೂರನ್ನು ತುಂಬಾ ಹೊತ್ತು ನೋಡುತ್ತಾ ನಿಂತರು. ಆ ಹೊತ್ತಿನಲ್ಲಿ ನಾನೂ ಮೇಲೆ ನೋಡಿದೆ. ಭಯವಾಯಿತು.

“ನಿಮ್ ಮಗಳು ಎಲ್ ಕೂತು ಓದಿದ್ದು?” ಎಂದು ಕೇಳಿದರು.

ನನ್ನ ವರ್ಷಿಣಿ ಇದೇ ಶಾಲೆಯಲ್ಲಿ ಓದಿದವಳು. ಸಂಜೆ ಕೂಡ ಅವಳೊಬ್ಬಳಿಗಾಗಿ ಬೀಗ ತೆಗೆಸಿ ಇಲ್ಲೇ ಕೂರಿಸುತ್ತಿದ್ದೆ, ನನ್ನ ಕೆಲಸ ಮುಗಿಯುವವರೆಗೆ.

“ಇಲ್ಲೇ” ಎಂದೆ.

“ಸಂಜೇನೂ?”

“ಸಂಜೆಯೂ.”

ಅವರು ಮೊಮ್ಮಗಳ ಭುಜ ಹಿಡಿದು ಮೊದಲ ಸಾಲಿನ ಬೆಂಚಿಗೆ ಕೂರಿಸಿದರು.

“ಹಂಗಾರೆ ಇವ್ಳೂ ಇಲ್ಲೇ ಕೂರ್ಲಿ” ಎಂದರು. “ಮಿಕ್ಕ ಹದಿನೆಂಟು ಮಕ್ಳೂ.”